ಐದು ವರ್ಷದ ವಾರಂಟಿ

ಲ್ಯಾಪ್‌ಟಾಪ್ ಕೊಳ್ಳುವುದೆಂದರೆ ಮನೆ ಅಳಿಯನನ್ನು ಆರಿಸಿದ ಹಾಗೆ, ಒಮ್ಮೆ ಒಳಗೆ ಬಂದನೆಂದರೆ ಮುಗಿಯಿತು, ಸಾಕಲೇಬೇಕು ಎಂದು ಗುರುಸಿದ್ದಪ್ಪ ಹೊಂಬಳ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಭಾಷಣ ಶುರುಮಾಡಿದ್ದ. ಅವನ ಹೆಂಡತಿ ಸುಮಂಗಲಾ ಅದನ್ನು ಕೇಳಿಸಿಕೊಳ್ಳದೆ ಒಳಗೆ ಹೋಗಿ ಫ್ಯಾನಿನ ಕೆಳಗೆ ಕುಳಿತಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಗಂಡನ ಯಾವ ಮಾತು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗುರುಸಿದ್ದಪ್ಪ ಹುಬ್ಬಳ್ಳಿಯಲ್ಲಿ ಪತ್ರ ಬರಹಗಾರ. ಖರೀದಿ ಪತ್ರ, ಬಾಡಿಗೆ ಕರಾರು, ಆಸ್ತಿ ಪಾಲಿನ ವಾಟಣಿ ಪತ್ರ, ಮೃತ್ಯುಪತ್ರ, ಎಲ್ಲ ಅವನ ಕೈಕೆಲಸ. ಎರಡು ಸಾವಿರದ ನಲವತ್ತೊಂದನೆಯ ಇಸವಿಯಲ್ಲೂ ಇಂಥ ಕಸುಬು ಉಳಿದಿದೆಯೇ ಎಂದು ನೀವು ಹುಬ್ಬೇರಿಸಬಹುದು. ಯಂತ್ರಗಳು ಬರೆದ ಮೃತ್ಯುಪತ್ರಗಳ ಮೇಲೆ ತಕರಾರು ಬಿದ್ದೂ ಬಿದ್ದೂ ಕೋರ್ಟುಗಳಿಗೆ ಸಾಕಾಗಿಹೋಗಿ, ಇಂಥ ಪತ್ರಗಳನ್ನು ಲೈಸೆನ್ಸ್ ಇರುವ ಮನುಷ್ಯನೇ ಎದುರು ಕುಳಿತು ಕೇಳಿ ಬರೆಯಬೇಕು ಎಂದು ನಿಯಮವಾಗಿತ್ತು. ಅದರಿಂದ ಗುರುಸಿದ್ದಪ್ಪನ ಹೊಟ್ಟೆಪಾಡು ಉಳಿಯಿತು, ಜಂಭವೂ ಒಂದಿಷ್ಟು ಏರಿತು.

ಅವರ ಮನೆಯ ಕೆಲಸದ ರೀತಿ ಹೀಗಿತ್ತು: ಬಂದವರ ಕಥೆಯನ್ನೆಲ್ಲ ಕೇಳಿಸಿಕೊಂಡು ಗುರುಸಿದ್ದಪ್ಪ ಕಣ್ಣು ಮುಚ್ಚಿ, ಒಂದು ಅಕ್ಷರ ತಪ್ಪಿಲ್ಲದೆ ಹೇಳುತ್ತ ಹೋಗುವುದು, ಸುಮಂಗಲಾ ಕುಟ್ಟುತ್ತ ಹೋಗುವುದು. ಪತ್ರದ ಕೊನೆಗೆ ಬರೆದವರ ಹೆಸರು ಬರುವ ಜಾಗದಲ್ಲಿ ‘ಬಿಕ್ಕಲಂ: ಗುರುಸಿದ್ದಪ್ಪ ಹೊಂಬಳ’ ಎಂದು ಅವಳೇ ಕುಟ್ಟಿ, ಕಾಗದ ತೆಗೆದು ಅವನ ಮುಂದೆ ಸಹಿಗೆ ಹಿಡಿಯುತ್ತಿದ್ದಳು. ಅದರ ಬಗ್ಗೆ ಅವಳಿಗೆ ಎಂದೂ ಬೇಸರವಾಗಿದ್ದಿಲ್ಲ. ಚಹಾಕ್ಕೆ ಸಕ್ಕರೆ ಹಾಕಿದ್ದು ಯಾರು ಎಂದು ಯಾರಾದರೂ ಲೆಕ್ಕ ಇಡುತ್ತಾರೆಯೇ?

ಈಗ ನೋಂದಣಿ ಕಚೇರಿಯ ವ್ಯಾನು ಹಾಸಿಗೆ ಹಿಡಿದವರ ಮನೆಬಾಗಿಲಿಗೇ ಹೋಗಲು ಶುರುವಾಗಿತ್ತು, ಅದರ ಜೊತೆ ಇವರೂ ಹೋಗಬೇಕಿತ್ತು. ಹಳೆಯ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಮೂರು ಮೂರು ಮಹಡಿ ಹತ್ತಿ ಸುಮಂಗಲಾಳ ಕುತ್ತಿಗೆ ಹಿಡಿದುಕೊಂಡಿತ್ತು. ಹಗುರಾದದ್ದು ಬೇಕು ಎಂದು ಅವಳು ಹಟ ಹಿಡಿದದ್ದಕ್ಕೇ ಇವತ್ತು ಈ ಅಂಗಡಿ.

“ಎತ್ತಿ ನೋಡ್ರಿ ಅಕ್ಕಾರ,” ಎಂದು ಅಂಗಡಿಯ ಮಾಲೀಕ ವಿನಾಯಕ ಶಿರೋಳ ಒಂದು ಲ್ಯಾಪ್‌ಟಾಪನ್ನು ಅವಳ ಅಂಗೈ ಮೇಲಿಟ್ಟ. ‘ಗರಿ’ ಅಂತ ಅದರ ಹೆಸರು. ಎರಡು ಜೋಳದ ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು ದಪ್ಪ, ತೂಕ ಅರ್ಧ ಕೇಜಿಯೂ ಇಲ್ಲ.

“ಒಳಗ ಮಷಿನ್ ಐತಿ ಹೌದಲ್ಲೋ? ಬರೇ ಡಬ್ಬಿ ಕೊಟ್ಟಿಲ್ಲಲ್ಲ?” ಎಂದ ಗುರುಸಿದ್ದಪ್ಪ.

“ಎಲ್ಲಾ ಐತ್ರಿ. ಇದರ ಮಜಾ ಕೀಲಿ ಒಳಗ ಐತಿ,” ಎಂದು ವಿನಾಯಕ ವಿವರಿಸಿದ. ಕೀಲಿಗಳ ಕೆಳಗೆ ಕಾಗದದಷ್ಟು ತೆಳ್ಳಗಿನ ಒಂದು ಪೊರೆ. ಹೊಸದರಲ್ಲಿ ಅದು ಮೆತ್ತಗಿರುತ್ತದೆ. ಏಳು ದಿನ ನೀವು ಕುಟ್ಟಿದ ಹಾಗೆ ಅದು ಕಲಿಯುತ್ತದೆ: ಯಾವ ಬೆರಳು ಜೋರು, ಯಾವುದು ಮೆತ್ತಗೆ, ಯಾವುದು ಕೀಲಿಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ. ಎಂಟನೆಯ ದಿನ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಅದು ಆ ಕೈಗೇ ಹೇಳಿ ಮಾಡಿಸಿದ ಯಂತ್ರ, ದಿನವೆಲ್ಲ ಕುಟ್ಟಿದರೂ ಬೆರಳು ನೋಯುವುದಿಲ್ಲ.

“ಪೊರೆ ಹರದರ?” ಎಂದು ಕೇಳಿದಳು ಸುಮಂಗಲಾ.

“ಅಲ್ಲೇ ಇರೋದು ನೋಡ್ರಿ ಗೋಳು. ಹರದರ ಹೊಸಾದು ತೊಗೊಂಡಷ್ಟ ಖರ್ಚು. ಒಂದು ವರ್ಷ ಕಂಪನಿ ನೋಡಿಕೋತೈತಿ. ಐದು ವರ್ಷದ ವಾರಂಟಿ ಬೇಕಂದ್ರ ಬ್ಯಾರೆ ಕಟ್ಟಬೇಕು. ಎಷ್ಟು ಅನ್ನೂದು ನಾ ಹೇಳಾಕ ಬರೂದಿಲ್ಲ. ಏಳು ದಿನದ ಕೈ ನೋಡಿ ಧಾರವಾಡದ ವಾರಂಟಿ ಕೇಂದ್ರದವರು ಹೇಳ್ತಾರ.”

ವಾರಂಟಿ ಅಂದರೆ ಕೆಡದ ವಸ್ತುವಿಗೆ ಕಟ್ಟುವ ದಂಡ ಎಂಬುದು ಗುರುಸಿದ್ದಪ್ಪನ ಸಿದ್ಧಾಂತ. ಹಳೆಯ ಲ್ಯಾಪ್‌ಟಾಪು ವಾರಂಟಿ ಮುಗಿದ ಮೂರನೆಯ ತಿಂಗಳಿಗೇ ಕೆಟ್ಟು ರಿಪೇರಿಗೆ ಹೋದದ್ದು ಸುಮಂಗಲಾಳ ನೆನಪು. ಇಬ್ಬರೂ ಅಂಗಡಿಯಲ್ಲೇ ಕಾಲು ತಾಸು ಜಗಳಾಡಿದರು. ವಿನಾಯಕ ಇಬ್ಬರಿಗೂ ಚಹಾ ತರಿಸಿದ.

“ದರ ಕೇಳೂನಲ್ರಿ. ಕೇಳಿದ ಮ್ಯಾಲೂ ಬ್ಯಾಡ ಅನ್ನಾಕ ಬರತೈತಲ್ಲ,” ಎಂದು ಕೊನೆಗೆ ಸುಮಂಗಲಾ ಹೇಳಿದ್ದೇ ಗೆದ್ದಿತು. ವಿನಾಯಕ ಮುಂದಿಟ್ಟ ಅರ್ಜಿಯಲ್ಲಿ ‘ಬಳಸುವವರ ಹೆಸರು’ ಎಂಬಲ್ಲಿ ಗುರುಸಿದ್ದಪ್ಪ ತನ್ನ ಹೆಸರನ್ನು, ಲೈಸೆನ್ಸ್ ನಂಬರಿನ ಸಮೇತ, ದೊಡ್ಡ ಅಕ್ಷರದಲ್ಲಿ ಬರೆದ. ಮೂವತ್ತು ವರ್ಷ ಎಲ್ಲ ಕಾಗದದ ಮೇಲೂ ಬರೆದದ್ದು ಅದೇ ಹೆಸರು. ಸುಮಂಗಲಾ ಪಕ್ಕದಲ್ಲೇ ಇದ್ದಳು, ಅವಳಿಗೂ ಏನೂ ಅನ್ನಿಸಲಿಲ್ಲ.

ಆ ಏಳು ದಿನ ಪಾರ್ವತೆಮ್ಮ ಅಂಗಡಿ ಎಂಬುವರ ಮೃತ್ಯುಪತ್ರದ ಕೆಲಸ ನಡೆದಿತ್ತು. ಎಂಬತ್ತನಾಲ್ಕರ ಅಜ್ಜಿ. ಬೆಳಗ್ಗೆ ಬಂಗಾರದ ಪಾಟ್ಲಿ ಹಿರೇ ಸೊಸೆಗೆ ಎನ್ನುವಳು, ಊಟವಾದ ಮೇಲೆ ಕಿರೇ ಸೊಸೆಗೆ ಎನ್ನುವಳು. ಗುರುಸಿದ್ದಪ್ಪ ಕಣ್ಣು ಮುಚ್ಚಿ ಹೇಳಿದ್ದನ್ನೇ ಐದು ಸಲ ತಿದ್ದಿ ಹೇಳಿದ, ಸುಮಂಗಲಾ ಐದು ಸಲ ಕುಟ್ಟಿದಳು. ಗರಿಯ ಕೀಲಿಗಳು ದಿನದಿಂದ ದಿನಕ್ಕೆ ಅವಳ ಬೆರಳಿಗೆ ತಾವೇ ಎದ್ದು ಬಂದು ಸಿಗುತ್ತಿದ್ದವು.

ಮನೆಯಲ್ಲಿ ಮಾತ್ರ ಆ ವಾರ ರೊಟ್ಟಿ ಕೆಟ್ಟಿತು. ಹಿಟ್ಟನ್ನು ಮಿದ್ದು, ಅಂಗೈಯಿಂದ ಬಡಿಯುತ್ತ ತಿರುಗಿಸಿದರೆ ಹುಣ್ಣಿಮೆ ಚಂದ್ರನಂತೆ ಅರಳುತ್ತಿದ್ದ ರೊಟ್ಟಿ ಈಗ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೀಳು.

“ಏನವಾ, ಶ್ರೀಲಂಕಾದ ನಕಾಶೆ ಬಡದಿಯೇನು?” ಎಂದು ಗುರುಸಿದ್ದಪ್ಪ ಗೇಲಿ ಮಾಡಿದ.

“ಹಿಟ್ಟು ಹಳೇದಾಗೈತ್ರಿ. ಜಿಗಿನ ಇಲ್ಲ,” ಎಂದಳು ಅವಳು. ಹೊಸ ಜೋಳ ಬೀಸಿಸಿಕೊಂಡು ಬಂದರೂ ರೊಟ್ಟಿ ಹಾಗೇ ಬಂತು. ಜೋಳದ ತಳಿಯೇ ಬದಲಾಗಿದೆ ಎಂದು ಗಿರಣಿಯವನನ್ನು ಬೈದು ಸುಮ್ಮನಾದಳು.

ಎಂಟನೆಯ ದಿನ ಗರಿಯ ಪರದೆಯ ಮೇಲೆ ಉತ್ತರ ಬಂತು. “ಬಳಸುವವರು: ಗುರುಸಿದ್ದಪ್ಪ ಹೊಂಬಳ. ಒಂದು ವರ್ಷದ ನಂತರದ ಹೊಣೆಯನ್ನು ಕಂಪನಿ ಹೊರಲಾಗದು. ಐದು ವರ್ಷದ ವಾರಂಟಿ ನಿರಾಕರಿಸಲಾಗಿದೆ.”

ವಾರಂಟಿಯೇ ಬೇಡ ಎನ್ನುತ್ತಿದ್ದ ಮನುಷ್ಯನಿಗೆ ವಾರಂಟಿ ಕೊಡುವುದಿಲ್ಲ ಎಂದದ್ದೇ ತಡ, ಅದು ಬೇಕೇ ಬೇಕಾಯಿತು. “ನಿರಾಕರಣ ಅಂದ ಮ್ಯಾಲೆ ಕಾರಣ ಬರೀಬೇಕು. ಕಾರಣ ಇಲ್ಲದ ನಿರಾಕರಣ ಯಾವ ಕಾಯ್ದೆದಾಗೈತಿ?” ಎಂದು ಅಂಗಿ ತೊಟ್ಟು ಹೊರಟೇಬಿಟ್ಟ. ಸುಮಂಗಲಾ ಗರಿಯನ್ನು ಚೀಲಕ್ಕೆ ಹಾಕಿಕೊಂಡು ಹಿಂದೆ ಹೋದಳು.

ವಾರಂಟಿ ಕೇಂದ್ರ ಧಾರವಾಡದ ಹೊರಗೆ, ಬೇವಿನ ಗಿಡಗಳ ನಡುವೆ ಇತ್ತು. ಒಳಗೆ ಒಂದು ದೊಡ್ಡ ಕೋಣೆ, ಒಂದು ಗೋಡೆಯ ತುಂಬ ಪರದೆ. ಅದರ ಮೇಲೆ ನೂರಾರು ಸಣ್ಣ ಗೆರೆಗಳು ಎಡದಿಂದ ಬಲಕ್ಕೆ ಹರಿಯುತ್ತಿದ್ದವು. ಒಂದೊಂದು ಗೆರೆಯೂ ಒಬ್ಬೊಬ್ಬರ ಕೈ. ಎಲ್ಲೆಲ್ಲೋ ಕುಳಿತು ಕುಟ್ಟುತ್ತಿದ್ದ ಅಷ್ಟು ಮಂದಿಯ ಬೆರಳು ಇಲ್ಲಿ ಸದ್ದಿಲ್ಲದೆ ಓಡುತ್ತಿರುವುದನ್ನು ನೋಡಿ ಸುಮಂಗಲಾ ಕ್ಷಣ ಹೊತ್ತು ತಾವು ಬಂದ ಕೆಲಸವನ್ನೇ ಮರೆತಳು.

ಅವರನ್ನು ಮಾತಾಡಿಸಲು ಬಂದವಳು ನಸೀಮಾ ಬಳಿಗಾರ ಎಂಬ ಇಂಜಿನಿಯರು. ಮೂವತ್ತರ ಆಸುಪಾಸು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಆರಿದ ಚಹಾ.

“ಸರ್, ಪೊರೆ ಒಂದು ಕೈಗೆ ಒಗ್ಗಿದ ಮ್ಯಾಲೆ ಆ ಕೈ ಬದಲಾಗಬಾರದು. ಬದಲಾದರ ಸೆಳೆತ ಬ್ಯಾರೆ ಕಡೆ ಬಿದ್ದು ಪೊರೆ ಹರೀತೈತಿ. ಅದಕ್ಕ ನಮ್ಮ ಯಂತ್ರ ಏಳು ದಿನದ ಕೈ ನೋಡಿ, ಐದು ವರ್ಷಕ್ಕ ಅದು ಹೆಂಗಿರತೈತಿ ಅಂತ ಲೆಕ್ಕ ಹಾಕತೈತಿ. ನಿಮ್ಮ ಕೈ ಬದಲಾಗತೈತಿ ಅಂತ ಬಂದೈತಿ.”

“ಹಂಗಾರ ಇದು ಜಾತಕ ಬರಿಯೋ ಮಷಿನ್ ಅನ್ರಿ! ನನ್ನ ಕೈ ಯಾಕ ಬದಲಾಗತೈತ್ರಿ? ನಾಕು ಮೊಳ ಬೆಳೀತೈತೇನು?”

“ಯಾಕ ಅನ್ನೂದು ಯಂತ್ರಕ್ಕ ಗೊತ್ತಿಲ್ರಿ. ನನಗೂ ಹೇಳಾಕ ನಿಯಮ ಇಲ್ಲ,” ಎಂದು ನಸೀಮಾ ನೆಲ ನೋಡಿದಳು.

ಗುರುಸಿದ್ದಪ್ಪ ತಕರಾರು ಅರ್ಜಿ ಬರೆಯಲು ಮುಂದಿನ ಕೌಂಟರಿಗೆ ಹೋದ. ಸುಮಂಗಲಾ ಹೋಗಲಿಲ್ಲ. ಮಂದಿ ಏನನ್ನೋ ಮುಚ್ಚಿಟ್ಟು ಮಾತಾಡುವುದನ್ನು ಇಪ್ಪತ್ತೊಂಬತ್ತು ವರ್ಷ ಎದುರು ಕುಳಿತು ಕೇಳಿದವಳು ಅವಳು. “ಯವ್ವಾ, ನನ್ನ ಮುಂದ ಹೇಳು. ಏನೈತಿ?” ಎಂದು ಮೆಲ್ಲಗೆ ಕೇಳಿದಳು.

ನಸೀಮಾ ಅತ್ತಿತ್ತ ನೋಡಿದಳು. “ಕಾಕಿ, ಹೋದ ವರ್ಷ ನಿರಾಕರಣ ಆದವರ ಪೈಕಿ ಹದಿನಾಕು ಮಂದಿ ಜಗಳಾಡಾಕ ಬಂದಿದ್ರು. ಆಮ್ಯಾಲೆ ನಾನ ಅವರಿಗೆ ಫೋನ್ ಮಾಡಿ ವಿಚಾರಿಸಿದೆ. ಒಂಬತ್ತು ಮಂದಿಗೆ ಕೈನಡುಕದ ರೋಗ, ಪಾರ್ಕಿನ್ಸನ್. ಶುರು ಅಷ್ಟ ಆಗಿತ್ತು, ಅವರಿಗೇ ಗೊತ್ತಿರಲಿಲ್ಲ. ಕೈ ನಡುಗೋದಕ್ಕ ವರ್ಷಗಟ್ಟಲೆ ಮೊದಲ ಬೆರಳು ಕೀಲಿ ಮ್ಯಾಲೆ ಒಂದು ಕಣ್ಣೆವೆ ಹೊತ್ತು ಜಾಸ್ತಿ ನಿಲ್ಲತೈತಿ. ಕಣ್ಣಿಗೆ ಕಾಣೂದಿಲ್ಲ, ಪೊರೆಗೆ ಗೊತ್ತಾಗತೈತಿ. ನಾ ಮ್ಯಾಲಿನವರಿಗೆ ಹೇಳಿದೆ. ನಾವು ವಾರಂಟಿ ಕೊಡೋರು, ದವಾಖಾನಿ ನಡಸೋರಲ್ಲ ಅಂದ್ರು.”

ಸುಮಂಗಲಾ ಕೌಂಟರಿನ ಕಡೆ ಹೊರಳಿ ಗಂಡನ ಬೆನ್ನು ನೋಡಿದಳು. ನಸೀಮಾ ಅವಳ ಕೈ ಹಿಡಿದುಕೊಂಡಳು. “ಅಂಜಬ್ಯಾಡ್ರಿ. ಈಗ ಬಂದಿರೋ ಮದ್ದು ನಡುಕ ಶುರುವಾಗೂಕಿಂತ ಮೊದಲ ಕೊಟ್ರ ರೋಗ ನಿಂತ ಬಿಡತೈತಿ. ತಡಾ ಆದ್ರ ಉಪಯೋಗಿಲ್ಲ. ನಮ್ಮಪ್ಪಗ ತಡಾ ಆತು. ನೀವು ಅವರನ್ನ ಬೇಗ ತೋರಸ್ರಿ.”

ಅಲ್ಲಿಂದ ಮುಂದೆ ಸುಮಂಗಲಾಳ ಸಂಸಾರ ಕಾವಲು ಕೆಲಸವಾಯಿತು. ಗುರುಸಿದ್ದಪ್ಪ ಚಹಾದ ಬಟ್ಟಲು ಎತ್ತಿದರೆ ಅವಳ ಕಣ್ಣು ಬಟ್ಟಲ ಮೇಲೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತಾದರೆ ಕಣ್ಣು ಗುಂಡಿಯ ಮೇಲೆ. ಮೆಟ್ಟಿಲ ಮೇಲೆ ಎಡವಿದರಂತೂ ಮುಗಿದೇಹೋಯಿತು. ನೋಡುತ್ತ ನೋಡುತ್ತ ಅವನಲ್ಲಿ ಇಲ್ಲದ ಲಕ್ಷಣಗಳೇ ಉಳಿಯಲಿಲ್ಲ. ಅವನಿಗೆ ನೀರು ಸೇದಲು ಬಿಡಲಿಲ್ಲ, ತೆಂಗಿನಕಾಯಿ ಒಡೆಯಲು ಬಿಡಲಿಲ್ಲ. ಕಾಯಿ ಒಡೆಯಲು ತಾನೇ ಹೋಗಿ ಎರಡು ಸಲ ಗುರಿ ತಪ್ಪಿ ಹೊಡೆದದ್ದನ್ನು ಗಾಬರಿಯ ಲೆಕ್ಕಕ್ಕೆ ಹಾಕಿದಳು.

ಓದುವ ನಿಮಗೆ ಇಷ್ಟು ಹೊತ್ತಿಗೆ ಏನೋ ಹೊಳೆದಿರಬಹುದು. ಅವಳಿಗೇಕೆ ಹೊಳೆಯಲಿಲ್ಲ ಎಂದು ಸಿಟ್ಟಾಗಬೇಡಿ. ಕಾಗದದ ಮೇಲೆ ಗಂಡನ ಹೆಸರಿತ್ತು. ಗಂಡನ ಹೆಸರಿದ್ದ ಕಾಗದದಲ್ಲಿ ತನ್ನನ್ನು ಹುಡುಕುವ ರೂಢಿ ಅವಳಿಗಿರಲಿಲ್ಲ.

ಸಕ್ಕರೆ ಕಾಯಿಲೆಯ ತಪಾಸಣೆ ಎಂದು ಸುಳ್ಳು ಹೇಳಿ ಅವನನ್ನು ನರರೋಗದ ಡಾಕ್ಟರ ಬಳಿಗೆ ಕರೆದೊಯ್ದಳು. ಬಾಗಿಲ ಮೇಲಿನ ಬೋರ್ಡು ಓದಲು ಬರದವನೇನಲ್ಲ ಗುರುಸಿದ್ದಪ್ಪ. ಒಮ್ಮೆ ಹೆಂಡತಿಯ ಮುಖ ನೋಡಿದ, ಏನೂ ಕೇಳದೆ ಒಳಗೆ ನಡೆದ. ಪರೀಕ್ಷೆ ನಡೆದ ಎರಡು ದಿನ ಭಾಷಣವಿಲ್ಲ, ಗೇಲಿಯಿಲ್ಲ. ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರು, “ಇಪ್ಪತ್ತು ವರ್ಷದವರ ಕೈ ಇದ್ದಂಗೈತ್ರಿ ನಿಮ್ಮದು,” ಎಂದರು.

ಅವತ್ತು ಸುಮಂಗಲಾ ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಖುಷಿಗೆ ಅಷ್ಟು ಅಳು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗುರುಸಿದ್ದಪ್ಪ ನೋಂದಣಿ ಕಚೇರಿಯ ಮಂದಿಗೆಲ್ಲ ಗಿರ್ಮಿಟ್ಟು, ಮಿರ್ಚಿ ತಿನ್ನಿಸಿದ. ಮರುದಿನ ಡಾಕ್ಟರ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಧಾರವಾಡಕ್ಕೆ ಯುದ್ಧಕ್ಕೆ ಹೊರಟ.

“ಓದ್ರಿ,” ಎಂದು ಕಾಗದವನ್ನು ನಸೀಮಾಳ ಮೇಜಿನ ಮೇಲೆ ಇಟ್ಟ. “ಈಗ ಐದು ವರ್ಷದ ವಾರಂಟಿ ಕೊಡ್ರಿ, ಇಲ್ಲಾ ನಿಮ್ಮ ಮಷಿನ್ ಸುಳ್ಳು ಅಂತ ಬರಕೊಡ್ರಿ.”

ನಸೀಮಾ ಕಾಗದ ಓದಿ ನಿಜವಾಗಿಯೂ ಸಂತೋಷಪಟ್ಟಳು. ಆದರೆ ಹುಬ್ಬು ಗಂಟಿಕ್ಕಿತು. “ಯಂತ್ರ ತಪ್ಪಿದ್ರ ಎಲ್ಲಿ ತಪ್ಪೇತಿ ಅಂತ ನೋಡಬೇಕು ಸರ್. ಗರಿ ತಂದೀರಲ್ಲ, ನಾಕು ಸಾಲು ಬಡೀರಿ.”

ಗುರುಸಿದ್ದಪ್ಪ ಕುರ್ಚಿ ಎಳೆದುಕೊಂಡು ಕುಳಿತ. ತೋಳು ಮೇಲೇರಿಸಿದ. ಆಮೇಲೆ ಎರಡು ತೋರುಬೆರಳನ್ನು ಗಾಳಿಯಲ್ಲಿ ಹಿಡಿದು, ‘ಶ್ರೀ’ ಬರೆಯಲು ಯಾವ ಕೀಲಿ ಒತ್ತಬೇಕೆಂದು ಹುಡುಕತೊಡಗಿದ. ಕೋಳಿ ಕಾಳು ಹೆಕ್ಕಿದಂತೆ ಒಂದೊಂದೇ ಅಕ್ಷರ ಕುಕ್ಕಿದ. ಅರ್ಧ ಸಾಲಿಗೆ ಗೋಡೆಯ ಪರದೆಯ ಮೇಲೆ ಒಂದು ಗೆರೆ ಕೆಂಪಾಗಿ ನಿಂತುಬಿಟ್ಟಿತು: “ಇದು ಒಗ್ಗಿದ ಕೈ ಅಲ್ಲ.”

ನಸೀಮಾ ಪರದೆ ನೋಡಿದಳು, ಆ ಎರಡು ಬೆರಳು ನೋಡಿದಳು. “ಸರ್, ಆ ಏಳು ದಿನ ಇದರ ಮ್ಯಾಲೆ ಓಡಿದ್ದು ಯಾರ ಬೆರಳ್ರಿ?”

ಗುರುಸಿದ್ದಪ್ಪ ಬಾಯಿ ತೆರೆದ. ನಾನು ಎನ್ನಲು ಹೊರಟವನು ಅಲ್ಲೇ ನಿಂತು, ಹೊರಳಿ ಹೆಂಡತಿಯನ್ನು ನೋಡಿದ.

ಸುಮಂಗಲಾ ಚೀಲ ಹಿಡಿದುಕೊಂಡು ನಿಂತಿದ್ದಳು. ತನ್ನ ಬಲಗೈ ನೋಡಿಕೊಂಡಳು. ರೊಟ್ಟಿಯ ಹಿಟ್ಟಿಗೆ ಜಿಗಿ ಇದ್ದೇ ಇತ್ತು. ಬಳೆ ಹಾಕುವಾಗ ಕಿರುಬೆರಳಿನ ಕಡೆ ಬರುತ್ತಿದ್ದ ಸೆಳೆತ, ಸಂತೆಯ ಚೀಟಿಯಲ್ಲಿ ಸಣ್ಣದಾಗುತ್ತ ಬಂದ ಅಕ್ಷರ, ಗುರಿ ತಪ್ಪಿದ ಕಾಯಿ, ಎಲ್ಲ ಒಟ್ಟಿಗೆ ಬಂದು ಎದುರು ನಿಂತವು. ಅವಳು ಚೀಲವನ್ನು ಮೆಲ್ಲಗೆ ಕೆಳಗಿಟ್ಟು, “ನಂದವ್ವಾ,” ಎಂದಳು.

ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ಗುರುಸಿದ್ದಪ್ಪ ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತ. ಮಂದಿಯ ಮುಂದೆ ಅವನು ಹಾಗೆ ಮಾಡಿದ್ದು ಅದೇ ಮೊದಲು. 

“ಊರೆಲ್ಲಾ ನಾನ ಬರದೆ, ನಾನ ಬರದೆ ಅಂತ ಹೇಳಿಕೋತ ತಿರಗಿದೆ,” ಎಂದ ನವಲೂರು ದಾಟಿದ ಮೇಲೆ. “ಅರ್ಜಿ ಮ್ಯಾಲೆ ನಿನ್ನ ಹೆಸರು ಬರದಿದ್ದೆ ಅಂದ್ರ ಅವತ್ತ ಗೊತ್ತಾಗತಿತ್ತು. ಮೂರು ವಾರ ಸುಮ್ನ ಹಾಳಾತು.”

“ಮೂರು ವಾರ ಏನ್ರಿ, ಗೊತ್ತಾತಲ್ಲ,” ಎಂದಳು ಸುಮಂಗಲಾ. ಗಂಡನ ರೋಗವೆಂದು ನಡುಗಿದಷ್ಟು ತನ್ನದೆಂದಾಗ ಅವಳು ನಡುಗಲಿಲ್ಲ. ಹೆದರಿಕೆ ಇತ್ತು, ಇಲ್ಲವೆಂದಲ್ಲ. ಈ ಬೆರಳು ನಿಂತರೆ ಅವರ ಪತ್ರದ ಕಸುಬೇ ನಿಂತೀತು, ಅದಕ್ಕಿಂತ ಹೆಚ್ಚಾಗಿ ತಾನು ಏನಾಗಿ ಉಳಿದೇನು ಎಂದು ಅವಳು ಕಿಟಕಿಯ ಹೊರಗೆ ನೋಡುತ್ತ ಯೋಚಿಸಿದಳು.

ಅದೇ ನರರೋಗದ ಡಾಕ್ಟರು ಅವಳನ್ನು ಪರೀಕ್ಷಿಸಿ ತಲೆ ಎತ್ತಿದರು. “ಇಷ್ಟು ಲಗೂ ಬಂದವರನ್ನ ನಾ ನೋಡೇ ಇಲ್ಲ. ಯಾರು ಕಳಿಸಿದ್ರಿ ನಿಮ್ಮನ್ನ?”

“ಲ್ಯಾಪ್‌ಟಾಪಿನವರು,” ಎಂದ ಗುರುಸಿದ್ದಪ್ಪ.

ತಿಂಗಳಿಗೊಂದು ಸೂಜಿ, ದಿನಾ ಒಂದು ತಾಸು ಕೈಗೆ ಕೆಲಸ. ಕುಟ್ಟುವುದನ್ನು ಬಿಡಕೂಡದು ಎಂದು ಡಾಕ್ಟರೇ ಹೇಳಿದರು. ಮದ್ದು ಹಿಡಿಯಿತೋ ಇಲ್ಲವೋ ತಿಳಿಯಲು ಒಂಬತ್ತು ತಿಂಗಳು ಬೇಕು ಎಂದರು. ಸೂಜಿಯಾದ ದಿನ ಅವಳಿಗೆ ವಾಕರಿಕೆ, ತಲೆಸುತ್ತು. ಆ ದಿನಗಳಲ್ಲಿ ಗುರುಸಿದ್ದಪ್ಪ ರೊಟ್ಟಿ ಬಡಿಯಲು ಕಲಿತ. ಅವನ ರೊಟ್ಟಿಗಳ ಆಕಾರವನ್ನು ಯಾವ ದೇಶದ ನಕಾಶೆಯೂ ಹೋಲುತ್ತಿರಲಿಲ್ಲ, ಆದರೂ ಇಬ್ಬರೂ ತಿಂದರು.

ಇತ್ತ ಧಾರವಾಡದಲ್ಲಿ ನಸೀಮಾ ಸುಮ್ಮನೆ ಕೂಡಲಿಲ್ಲ. ಸುಮಂಗಲಾಳ ಒಪ್ಪಿಗೆ ಪಡೆದು ಅವಳ ಗೆರೆಯನ್ನೂ ಡಾಕ್ಟರ ಕಾಗದವನ್ನೂ ಮೇಲಿನವರ ಮುಂದೆ ಹರಡಿದಳು. ಕೆಲಸ ಹೋಗುತ್ತದೆ ಎಂದು ಹೆದರಿಸಿದರು, ಅವಳು ಹೆದರಲಿಲ್ಲ. ಕೊನೆಗೆ ಕಂಪನಿ ನಿರಾಕರಣೆಯ ಪತ್ರಕ್ಕೆ ಒಂದು ಸಾಲು ಸೇರಿಸಿತು: “ನರರೋಗದ ವೈದ್ಯರನ್ನು ಒಮ್ಮೆ ಕಾಣುವುದು ಒಳ್ಳೆಯದು.” ಆ ಒಂದು ಸಾಲು ಹಿಡಿದುಕೊಂಡು ದವಾಖಾನೆಗಳಿಗೆ ಮಂದಿ ಬರತೊಡಗಿದರು. ವಾರಂಟಿ ಸಿಗದವರೆಲ್ಲ ರೋಗಿಗಳಲ್ಲ, ಒಬ್ಬ ತಬಲಾ ಕಲಿಯಲು ಶುರುಮಾಡಿದ್ದನಷ್ಟೆ. ಆದರೆ ಎಷ್ಟೋ ಮಂದಿ ಹೊತ್ತಿಗೆ ಮೊದಲೇ ಮದ್ದು ಕಂಡರು.

ಒಳ್ಳೆಯದರ ಹಿಂದೆ ಕೆಟ್ಟದ್ದೂ ಬಂತು. ಗಂಡು ನೋಡಲು ಹೋದವರು ಹುಡುಗನ ಸಂಬಳದ ಜೊತೆಗೆ ಐದು ವರ್ಷದ ವಾರಂಟಿ ಪತ್ರ ಇದೆಯೇ ಎಂದು ಕೇಳತೊಡಗಿದರು. ಕೆಲಸ ಕೊಡುವವರೂ ಅದನ್ನೇ ಕೇಳಿದರು. ನಸೀಮಾ ತಲೆಯ ಮೇಲೆ ಕೈಹೊತ್ತು ಹುಬ್ಬಳ್ಳಿಗೆ ಬಂದಳು.

“ಕಾಕಾ, ಗಿರಾಕಿ ಸಹಿ ಮಾಡಾಕ ನಮ್ಮ ವಕೀಲರು ಬರದ ಒಪ್ಪಿಗೆ ಪತ್ರ ನಮಗ ತಿಳೀವಲ್ದು. ನೀವು ಬರದು ಕೊಡ್ರಿ.”

ಗುರುಸಿದ್ದಪ್ಪ ಕಣ್ಣು ಮುಚ್ಚಿದ. ಕೈಯ ಸುದ್ದಿ ಕೈಯ ಒಡೆಯರಿಗೆ ಮಾತ್ರ ಸೇರತಕ್ಕದ್ದು, ಮದುವೆಗಾಗಲಿ ನೌಕರಿಗಾಗಲಿ ಅದನ್ನು ಯಾರೂ ಕೇಳತಕ್ಕದ್ದಲ್ಲ, ಕೊಡತಕ್ಕದ್ದಲ್ಲ ಎಂದು ಒಂದೇ ಉಸಿರಿಗೆ ಹೇಳುತ್ತ ಹೋದ. ಸುಮಂಗಲಾ ಕುಟ್ಟುತ್ತ ಹೋದಳು. ಆಮೇಲೆ ಅವನು ಕಣ್ಣು ತೆರೆದು, “ಎಲ್ಲಾಕಿಂತ ಮ್ಯಾಲೆ ಒಂದು ಪ್ರಶ್ನಿ ಹಾಕು,” ಎಂದ. “ಈ ಯಂತ್ರದ ಮೇಲೆ ದಿನವೂ ಓಡುವ ಬೆರಳು ಯಾರದು?” ಮುಂದಿನ ವರ್ಷ ಸರ್ಕಾರ ಮಾಡಿದ ನಿಯಮದಲ್ಲಿ ಆ ಸಾಲುಗಳು ಹೆಚ್ಚುಕಡಿಮೆ ಹಾಗೇ ಇದ್ದವು.

ಮದ್ದು ಶುರುವಾಗಿ ಒಂಬತ್ತು ತಿಂಗಳಾದ ಮೇಲೆ ನಸೀಮಾ ಗರಿಗೆ ಹೊಸ ಪೊರೆ ಹಾಕಿಸಿಕೊಟ್ಟಳು. ಮತ್ತೆ ಏಳು ದಿನ. ಈ ಸಲ ಅರ್ಜಿಯಲ್ಲಿ ಗುರುಸಿದ್ದಪ್ಪ ‘ಸುಮಂಗಲಾ ಗುರುಸಿದ್ದಪ್ಪ ಹೊಂಬಳ’ ಎಂದು ಬರೆದ. ಮದ್ದು ಹಿಡಿದಂತಿದೆ ಎಂದು ಡಾಕ್ಟರು ಹೇಳಿದ್ದರು. ಸುಮಂಗಲಾಳಿಗೆ ಮಾತ್ರ ಯಂತ್ರ ಏನು ಹೇಳುತ್ತದೋ ಎಂಬುದೇ ಚಿಂತೆ. ಡಾಕ್ಟರಿಗೆ ಕಾಣದ್ದು ಅದಕ್ಕೆ ಮೊದಲೇ ಕಂಡಿತ್ತಲ್ಲ.

ಎಂಟನೆಯ ದಿನ ಬೆಳಗ್ಗೆ ಅವರು ತಾರಿಹಾಳದ ಅಣ್ಣತಮ್ಮಂದಿರ ವಾಟಣಿ ಪತ್ರ ಮಾಡುತ್ತಿದ್ದರು. ಹೊಲದ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆಯುವಾಗ ಪರದೆಯ ಮೂಲೆಯಲ್ಲಿ ಸಣ್ಣ ದೀಪ ಮಿನುಗಿತು. ಸುಮಂಗಲಾಳ ಬೆರಳು ನಿಂತಿತು. ಗುರುಸಿದ್ದಪ್ಪ ಕಣ್ಣು ತೆರೆದ. ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು.

“ಓದು,” ಎಂದ ಗುರುಸಿದ್ದಪ್ಪ.

“ನೀವ ಓದ್ರಿ.”

ಅವನು ಕನ್ನಡಕ ಏರಿಸಿಕೊಂಡು ಬಾಗಿದ. “ಬಳಸುವವರು: ಸುಮಂಗಲಾ ಗುರುಸಿದ್ದಪ್ಪ ಹೊಂಬಳ. ಐದು ವರ್ಷದ ವಾರಂಟಿ ನೀಡಬಹುದು. ದರ: ಅತಿ ಹೆಚ್ಚಿನ ವರ್ಗ.”

ಬಾಳೆಹಣ್ಣಿನ ಡಜನ್ನಿಗೂ ಅರ್ಧ ತಾಸು ಚೌಕಾಶಿ ಮಾಡುವ ಮನುಷ್ಯ. ಅತಿ ಹೆಚ್ಚಿನ ವರ್ಗ ಎಂಬುದಕ್ಕೆ ಈಗ ಏನು ಭಾಷಣ ಬಿಗಿಯುತ್ತಾನೋ ಎಂದು ಸುಮಂಗಲಾ ಕಾದಳು. ಅವನು ಫೋನು ತೆಗೆದು ನಸೀಮಾಳಿಗೆ ಹಚ್ಚಿದ.

“ನಸೀಮಾ, ಹತ್ತು ವರ್ಷದ್ದು ಇಲ್ಲೇನವಾ?”

ಅತ್ತಲಿಂದ ನಸೀಮಾ ನಕ್ಕದ್ದು ಎಲ್ಲರಿಗೂ ಕೇಳಿಸಿತು. “ಇಲ್ಲ ಕಾಕಾ. ಇಪ್ಪತ್ತರ ಹುಡುಗೀಗೂ ಐದ ಕೊಡೂದು. ಮಂದೀಗೆ ಎಷ್ಟೋ ಅಷ್ಟ ಕಾಕಿಗೂ.”

“ಹಂಗಾರ ಐದು ಬರಕೋ. ಅದು ಮುಗಿದ ದಿನ ಮುಂಜಾನೆ ನಾವಿಬ್ರೂ ನಿಮ್ಮ ಬಾಗಿಲಾಗ ಬಂದು ನಿಲ್ತೀವಿ, ಮುಂದಿನ ಐದು ಕೊಡ್ರಿ ಅಂತ. ಈಗ ಹೇಳಿಟ್ಟೇನಿ, ಆಮ್ಯಾಲೆ ಗೊತ್ತಿಲ್ಲ ಅನಬ್ಯಾಡ.”  ಗುರುಸಿದ್ದಪ್ಪ ಫೋನು ಇಟ್ಟು, ಮೂಗು ಒರೆಸಿಕೊಂಡು, ಏನೂ ಆಗದವನಂತೆ ಕಣ್ಣು ಮುಚ್ಚಿದ. “ಎಲ್ಲೀಗೆ ಬಂದಿತ್ತು?”

ಸುಮಂಗಲಾಳ ಕಣ್ಣಿಗೆ ಪರದೆ ಮಸುಕಾಗಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಅಕ್ಷರ ಕಾಣದಿದ್ದರೂ ಬೆರಳಿಗೆ ಕೀಲಿಗಳು ಗೊತ್ತಿದ್ದವು.

“ಪೂರ್ವಕ್ಕೆ ಹಾದಿ ಅಂದಿದ್ರಿ,” ಎಂದಳು. “ಮುಂದ ಹೇಳ್ರಿ.”